ಉಳಿದ ಒಂಟೆ, ಉಳಿದ ಕುದುರೆ: ಫಿಷರ್–ಸ್ಪಾಸ್ಕಿ ಆರನೇ ಆಟ, 1972

ಸರ್, ನಿಮ್ಮ ಪ್ರಶ್ನೆ ಓದಿದ ಕೂಡಲೇ ಮರದ ಬೋರ್ಡು ತೆಗೆದು ಕಾಯಿ ಜೋಡಿಸಿಕೊಂಡು ಕೂತೆ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ನೀವು ಬರೆದದ್ದು ಇಷ್ಟು: ಮಗಳು ಚೆಸ್‌ನಲ್ಲಿ ಕ್ವೀನ್ಸ್ ಗ್ಯಾಂಬಿಟ್ (ರಾಣಿ ಕಡೆಯ ಪಾನುಗಳಿಂದ ಶುರುವಾಗುವ ಒಂದು ಆರಂಭ ಪದ್ಧತಿ) ಆಡ್ತಾಳೆ, "ಇದರಲ್ಲಿ ಏನೂ ಆಗೋದೇ ಇಲ್ಲ" ಅಂತ ಬೇಜಾರು ಮಾಡ್ಕೋತಾಳೆ. ಅವಳಿಗೆ 1972ರ ವಿಶ್ವ ಚಾಂಪಿಯನ್‌ಶಿಪ್ಪಿನ ಆರನೇ ಆಟ ತೋರಿಸಿದಿರಿ. ಬಿಳಿ ಕಾಯಿ ಅಮೆರಿಕದ ಬಾಬಿ ಫಿಷರ್‌ದು, ಕಪ್ಪು ಆಗಿನ ವಿಶ್ವ ಚಾಂಪಿಯನ್, ಸೋವಿಯತ್‌ನ ಬೋರಿಸ್ ಸ್ಪಾಸ್ಕಿಯದು. ಸ್ಪಾಸ್ಕಿ ಎಲ್ಲೂ ಕಾಯಿ ಬಿಟ್ಟುಕೊಡಲಿಲ್ಲ, ಕಣ್ಣಿಗೆ ಹೊಡೆಯುವಂಥ ತಪ್ಪೂ ಮಾಡಲಿಲ್ಲ, ಆದರೂ ಉಸಿರುಗಟ್ಟಿ ಸೋತ. ಎಲ್ಲಿ ಸೋತ ಅನ್ನೋದು ನಿಮ್ಮ ಪ್ರಶ್ನೆ. 19ನೇ ನಡೆಯಲ್ಲಿ ಫಿಷರ್ ಅಷ್ಟು ಒಳ್ಳೆಯ ಕುದುರೆ ಕೊಟ್ಟು, ಪಾನುಗಳ ಹಿಂದೆ ಸುಮ್ಮನೆ ಕೂತಿದ್ದ ಒಂಟೆಯನ್ನ ಯಾಕೆ ಹೊಡೆದ ಅನ್ನೋದು ಮಗಳ ಪ್ರಶ್ನೆ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮದಕ್ಕೂ ಸಿಕ್ಕಂತೆ. ಅವಳಿಗೆ ಶಭಾಷ್ ಹೇಳಿ.

ಮೊದಲು ಆ ದಿನದ ಸಂದರ್ಭ. ಐಸ್‌ಲ್ಯಾಂಡಿನ ರೇಕ್ಯಾವಿಕ್, 1972ರ ಜುಲೈ 23. ಫಿಷರ್ ಮೊದಲನೇ ಆಟ ಸೋತಿದ್ದ, ಎರಡನೆಯದಕ್ಕೆ ಬರಲೇ ಇಲ್ಲ. ಆಮೇಲೆ ಚೇತರಿಸಿಕೊಂಡು ಐದು ಆಟ ಮುಗಿಯುವಾಗ ಎರಡೂವರೆ–ಎರಡೂವರೆ ಸಮ ಮಾಡಿದ್ದ. ಬಿಳಿ ಕಾಯಿ ಸಿಕ್ಕರೆ ರಾಜನ ಮುಂದಿನ ಪಾನನ್ನ ಇ4ಕ್ಕೆ (ಇ ಕಂಬಸಾಲಿನಲ್ಲಿ ಬಿಳಿ ಕಡೆಯಿಂದ ನಾಲ್ಕನೇ ಮನೆ) ತಳ್ಳೋದೇ ಅವನ ರೂಢಿ. ಆ ದಿನ ಸಿ4 ಆಡಿದ. ನಾಲ್ಕು ನಡೆಯೊಳಗೆ ಆಟ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ಗೆ (ಬಿಳಿ ಮುಂದಿಟ್ಟ ಸಿ ಪಾನನ್ನ ಕಪ್ಪು ಹೊಡೆಯದೆ ಬಿಡುವ ಪದ್ಧತಿ) ಬಂತು, ಏಳನೇ ನಡೆಗೆ ಸ್ಪಾಸ್ಕಿ ಬಿ6 ಆಡಿ ಟಾರ್ಟಕೋವರ್ ಪದ್ಧತಿಗೆ ಹೋದ. ಈ ಪದ್ಧತಿಗೆ ಟಾರ್ಟಕೋವರ್ ಜೊತೆ ಮಕಗೊನೊವ್, ಬೊಂಡರೆವ್‌ಸ್ಕಿ ಹೆಸರೂ ಸೇರಿದೆ. ಆ ಬೊಂಡರೆವ್‌ಸ್ಕಿ ಹಿಂದೆ ಸ್ಪಾಸ್ಕಿಯ ಕೋಚ್ ಆಗಿದ್ದವನು. ಅಂದರೆ ಸ್ಪಾಸ್ಕಿಯ ಸ್ವಂತ ಮನೆ ಅಂಗಳಕ್ಕೇ ಹೋಗಿ ಫಿಷರ್ ಆಡಿದ.

ಎಂಟರಿಂದ ಹತ್ತನೇ ನಡೆವರೆಗೆ ಬರೀ ಅದಲುಬದಲು. ಡಿ5ರಲ್ಲಿ ಪಾನು ಹೊಡೆದಾಟ, ಇ7ರಲ್ಲಿ ಒಂಟೆಗೆ ಒಂಟೆ, ಡಿ5ರಲ್ಲಿ ಕುದುರೆಗೆ ಕುದುರೆ. ಮಗಳಿಗೆ ಬೇಜಾರಾಗೋದು ಇಲ್ಲೇ ಇರಬೇಕು. ಇಲ್ಲಿ ನಿಲ್ಲಿಸಿ ಅವಳನ್ನ ಕೇಳಿ: ಯಾರ ಹತ್ತಿರ ಯಾವ ಸಣ್ಣ ಕಾಯಿ ಉಳಿದಿದೆ? ಇಬ್ಬರಿಗೂ ಒಂದು ಕುದುರೆ, ಒಂದು ಬಿಳಿ ಮನೆಯ ಒಂಟೆ. ಮುಂದಿನ ಮೂವತ್ತು ನಡೆಯ ಕಥೆ ಪೂರ್ತಿ ಈ ನಾಲ್ಕು ಕಾಯಿಗಳದ್ದು.

11ನೇ ನಡೆಗೆ ಬಿಳಿ ಆನೆಯನ್ನ ಸಿ1ಕ್ಕೆ ತಂದ, ಕಪ್ಪು ಒಂಟೆಯನ್ನ ಇ6ಕ್ಕೆ ಇಟ್ಟ. ಆಮೇಲೆ ಬಿಳಿ ರಾಣಿ ಎ4, ಕಪ್ಪು ಪಾನು ಸಿ5, ಬಿಳಿ ರಾಣಿ ಎ3, ಕಪ್ಪು ಆನೆ ಸಿ8. ರಾಣಿ ಎ3ರಲ್ಲಿ ಕೂತಿದ್ದನ್ನ ಗಮನಿಸಿ. ಸಿ5ರ ಪಾನು ಈಗ ಅಲ್ಲಾಡುವ ಹಾಗಿಲ್ಲ, ಯಾಕಂದ್ರೆ ಅದೇ ಓರೆಸಾಲಿನಲ್ಲಿ ಹಿಂದೆ ಇ7ರಲ್ಲಿ ಕಪ್ಪು ರಾಣಿ ಇದೆ. ಪಿನ್ ಅನ್ನೋದು ಇದನ್ನೇ.

14ನೇ ನಡೆ, ಬಿಳಿ ಒಂಟೆ ಬಿ5. ಇದು ಫಿಷರ್ ಕಂಡುಹಿಡಿದದ್ದಲ್ಲ. 1970ರಲ್ಲಿ ಫರ್ಮನ್ ಇದನ್ನ ಗೆಲ್ಲರ್ ವಿರುದ್ಧ ಆಡಿದ್ದ. ಆ ಗೆಲ್ಲರ್ ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯ ಸಹಾಯಕ! ಕಪ್ಪಿಗೆ ಸರಿಯಾದ ಉತ್ತರ 14...ರಾಣಿ ಬಿ7 (ಸಂಖ್ಯೆಯ ಮುಂದೆ ಮೂರು ಚುಕ್ಕಿ ಇದ್ದರೆ ಕಪ್ಪಿನ ನಡೆ). ಮರುವರ್ಷ 1973ರಲ್ಲಿ ಹಿಲ್ವರ್ಸಮ್‌ನಲ್ಲಿ ಗೆಲ್ಲರ್ ಅದನ್ನೇ ಟಿಮ್ಮನ್ ಮೇಲೆ ಆಡಿ ಗೆದ್ದ. ಅಲ್ಲಿ ಬಿಳಿ ಸಿ5ರಲ್ಲಿ ಎಲ್ಲ ಹೊಡೆದು ಒಂದು ಪಾನು ಗಳಿಸ್ತಾನೆ, ಆದರೆ 17...ಕುದುರೆ ಎ6 ಬರುತ್ತೆ, ಒಂಟೆ ಅದನ್ನ ಹೊಡೆದರೆ ಕಪ್ಪು ರಾಣಿ ಎ6ಕ್ಕೆ ಬಂದು ಎಫ್1 ಮನೆವರೆಗೂ ಕಣ್ಣಿಡುತ್ತೆ. ಬಿಳಿ ರಾಜ ಕ್ಯಾಸ್ಲಿಂಗ್ (ಆನೆ ಜೊತೆ ಜಾಗ ಬದಲಿಸಿ ಸುರಕ್ಷಿತ ಮೂಲೆಗೆ ಹೋಗೋದು) ಮಾಡಲಾಗದೆ ನಡುಬೋರ್ಡಿನಲ್ಲಿ ಸಿಕ್ಕಿಬೀಳ್ತಾನೆ.

ರಾಣಿಯನ್ನ ಬಿ7ಕ್ಕೆ ತರುವ ಯೋಚನೆ ಫಿಷರ್‌ಗೆ ಹೊಸದೇನಲ್ಲ. 1962ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬರ್ಟೋಕ್ ವಿರುದ್ಧ ಇದೇ ರಚನೆಯಲ್ಲಿ ಕಪ್ಪು ಕಾಯಿ ಆಡಿದವನು ಫಿಷರೇ. ಒಂಟೆ ಇ6, ಪಾನು ಸಿ5, ರಾಣಿ ಬಿ7, ಆನೆ ಬಿ8. ಬಿ2 ಮೇಲೆ ಒತ್ತಡ ಹಾಕಿ 31 ನಡೆಯಲ್ಲಿ ಗೆದ್ದ. ಸಿ5, ಡಿ5ರ ಜೋಡಿ ಪಾನುಗಳು ಯಾವಾಗ ಬಲ, ಯಾವಾಗ ಹೊರೆ ಅಂತ ಆ ಕಡೆ ಕೂತು ತಿಳಿದುಕೊಂಡಿದ್ದ. ಮಗಳಿಗೆ ಈ ಎರಡು ಆಟ ಅಕ್ಕಪಕ್ಕ ಇಟ್ಟು ತೋರಿಸಿ. ಒಂದೇ ಆಟ ನೋಡಿದರೆ ಹ್ಯಾಂಗಿಂಗ್ ಪಾನ್ಸ್ (ಬೇರೆ ಪಾನಿನ ಆಸರೆಯಿಲ್ಲದೆ ಅಕ್ಕಪಕ್ಕ ನಿಂತ ಇಂಥ ಜೋಡಿ ಪಾನು) ಅಂದರೆ ಬರೀ ದೌರ್ಬಲ್ಯ ಅಂದುಕೊಂಡುಬಿಡ್ತಾಳೆ, ಅದು ತಪ್ಪು ಪಾಠ.

ಸ್ಪಾಸ್ಕಿ ರಾಣಿ ಬಿ7ರ ಬದಲು 14...ಎ6 ಆಡಿದ. ಆದರೆ ಎ6ರ ಪಾನು ಒಂಟೆಯನ್ನ ಹೊಡೆಯೋ ಹಾಗಿಲ್ಲ, ಹೊಡೆದರೆ ಎ8ರ ಆನೆ ಹೋಗುತ್ತೆ. ಹಾಗಾಗಿ ಫಿಷರ್ ನಿಧಾನವಾಗಿ ಸಿ5ರಲ್ಲಿ ಹೊಡೆದು, ಕ್ಯಾಸ್ಲಿಂಗ್ ಮಾಡಿ, ಕಪ್ಪು ಆನೆ ಎ7ಕ್ಕೆ ಹೋದ ಮೇಲಷ್ಟೇ ಒಂಟೆಯನ್ನ ಇ2ಕ್ಕೆ ಹಿಂದಕ್ಕೆ ತಂದ. ಲೆಕ್ಕ ಹಾಕಿದರೆ ಕಪ್ಪಿನ ಆನೆ ಎ7ರಲ್ಲಿ ಮೂಲೆ ಸೇರಿತು, ಎ6 ಪಾನು ಸಡಿಲ ಆಯ್ತು.

17...ಕುದುರೆ ಡಿ7, 18.ಕುದುರೆ ಡಿ4. ಸಿ5 ಪಾನು ಪಿನ್ ಆಗಿರೋದ್ರಿಂದ ಕುದುರೆಯನ್ನ ಹೊಡೆಯೋಕಾಗಲ್ಲ. ಸ್ಪಾಸ್ಕಿ ರಾಣಿಯನ್ನ ಸಿ8ರ ಆನೆಯ ಕಾವಲಿರುವ ಎಫ್8ಕ್ಕೆ ಇಳಿಸಿ ಪಿನ್ನಿನ ಕಾಟ ತಪ್ಪಿಸಿಕೊಂಡ. ಈಗ ಕುದುರೆ ಎಲ್ಲಿಗಾದರೂ ಹೋಗಲೇಬೇಕು. ನಾನಾಗಿದ್ದರೆ ಬಿ3ಕ್ಕೆ ಹೋಗಿ ಸಿ5ರ ಮೇಲೆ ಒತ್ತಡ ಹಾಕ್ತಿದ್ದೆ. ಮಗಳೂ ಹಾಗೇ ಯೋಚಿಸಿರಬೇಕು. ಫಿಷರ್ ಕುದುರೆಯಿಂದ ಇ6ರ ಒಂಟೆಯನ್ನ ಹೊಡೆದ, ಕಪ್ಪು ಎಫ್ ಪಾನಿನಿಂದ ಹೊಡೆದುಕೊಂಡ.

ಮೇಲುನೋಟಕ್ಕೆ ಕಪ್ಪಿಗೆ ಉಪಕಾರ ಮಾಡಿದ ಹಾಗಿದೆ, ಡಿ5ಕ್ಕೆ ಇ6ರ ಆಸರೆ ಬಂತಲ್ಲ! ಆದರೆ ಉಳಿದದ್ದೇನು ನೋಡಿ. ಬಿಳಿಗೆ ಬಿಳಿ ಮನೆಯ ಒಂಟೆ ಇದೆ, ಅದನ್ನ ಎದುರಿಸುವ ಒಂಟೆ ಕಪ್ಪಿಗಿಲ್ಲ. ಇ6, ಡಿ5, ಎ6 ಪಾನುಗಳೆಲ್ಲ ಬಿಳಿ ಮನೆಯಲ್ಲೇ ನಿಂತಿವೆ. ರಾಜನ ಮುಂದಿನ ಎಫ್ ಪಾನು ಜಾಗ ಬಿಟ್ಟಿದೆ. ಕಪ್ಪಿನ ಹತ್ತಿರ ಉಳಿದದ್ದು ಡಿ7ರ ಕುದುರೆ. ಮಗಳಿಗೆ ಹೀಗೆ ಹೇಳಿ: ಬೋರ್ಡಿನಿಂದ ಹೊರಗೆ ಹೋದ ಕಾಯಿ ಎಷ್ಟು ಒಳ್ಳೇದಿತ್ತು ಅನ್ನೋದಕ್ಕಿಂತ, ಉಳಿದ ಕಾಯಿಗೆ ಇನ್ಮುಂದೆ ಕೆಲಸ ಇದೆಯಾ ನೋಡು. ಬಿಳಿ ಒಂಟೆಗೆ ಕೈತುಂಬ ಕೆಲಸ. ಕಪ್ಪು ಕುದುರೆಗೆ ಇಲ್ಲ.

ಈಗ ಬೋರ್ಡು ನಿಲ್ಲಿಸಿ. ಬಿಳಿ: ರಾಜ ಜಿ1, ರಾಣಿ ಎ3, ಆನೆ ಸಿ1 ಮತ್ತು ಎಫ್1, ಒಂಟೆ ಇ2, ಪಾನು ಎ2, ಬಿ2, ಇ3, ಎಫ್2, ಜಿ2, ಎಚ್2. ಕಪ್ಪು: ರಾಜ ಜಿ8, ರಾಣಿ ಎಫ್8, ಆನೆ ಎ7 ಮತ್ತು ಸಿ8, ಕುದುರೆ ಡಿ7, ಪಾನು ಎ6, ಸಿ5, ಡಿ5, ಇ6, ಜಿ7, ಎಚ್6. ನಡೆ ಬಿಳಿಯದ್ದು.

20.ಇ4. ಇದಕ್ಕೆ ಸ್ಪಾಸ್ಕಿ ಡಿ4 ಅಂತ ಪಾನು ಮುಂದೆ ತಳ್ಳಿದ. ನಿಮ್ಮ "ಎಲ್ಲಿ ಸೋತ" ಅನ್ನೋದಕ್ಕೆ ನನ್ನ ಉತ್ತರ ಇದು.

ತಳ್ಳುವ ಆಸೆ ಯಾಕೆ ಬರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಸಿ5ರ ಬೆಂಬಲ ಇರುವ ಪಾಸ್ಡ್ ಪಾನು (ಮುಂದೆ ತಡೆಯೋಕೆ ಎದುರಾಳಿಯ ಪಾನಿಲ್ಲದ ಪಾನು) ಸಿಗುತ್ತೆ, ಇ4ರ ಬೆದರಿಕೆ ಮುಗಿದ ಹಾಗೆ ಕಾಣುತ್ತೆ, ಮನಸ್ಸಿಗೆ ನಿರಾಳ. ಕೆಲವು ವರ್ಷದ ಹಿಂದೆ ಒಂದು ಟೂರ್ನಿಯಲ್ಲಿ ನಾನೂ ಇಂಥದೇ ಜಾಗದಲ್ಲಿ ಡಿ4 ತಳ್ಳಿ, ಆಮೇಲೆ ಎರಡು ಗಂಟೆ ಬರೀ ಕಾವಲು ಕಾದು ಸೋತಿದ್ದೇನೆ. ಈ ಜೋಡಿ ಪಾನುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಪಕ್ಕಪಕ್ಕ ಇದ್ದಾಗ ಸಿ4, ಡಿ4 ಎರಡು ಮನೆಯನ್ನೂ ಕಾಯ್ತವೆ. ಒಂದು ಮುಂದೆ ಎಳೆದರೆ ನೊಗ ಓರೆಯಾಗುತ್ತೆ. ಡಿ5 ಖಾಲಿಯಾದ ಕ್ಷಣವೇ ಸಿ4 ಮನೆ ಬಿಳಿ ಒಂಟೆಯ ಪಾಲಾಯ್ತು, ಅಲ್ಲಿಂದ ಇ6ಕ್ಕೆ, ಅದರ ಹಿಂದೆ ಜಿ8ಕ್ಕೆ ನೇರ ದಾರಿ. ಇ4 ಪಾನನ್ನ ಕೆಣಕುವವರೂ ಯಾರೂ ಉಳಿಯಲಿಲ್ಲ, ಹಾಗಾಗಿ ಇ, ಎಫ್ ಪಾನುಗಳು ಆರಾಮಾಗಿ ಮುಂದೆ ಬಂದವು.

ಬದಲಿಗೆ ಏನು ಆಡಬೇಕಿತ್ತು? ಡಿ5ರಿಂದ ಇ4 ಹೊಡೆದರೆ ಸಿ5, ಇ6, ಇ4 ಮೂರೂ ಒಂಟಿ ಪಾನುಗಳಾಗಿ ಚದುರಿಹೋಗ್ತವೆ, ಅದು ಬೇಡ. ನನಗೆ ಹಿಡಿಸೋದು 20...ಸಿ4. ಒಂಟೆಗೆ ಸಿ4 ಮನೆ ಸಿಗಲ್ಲ, ಡಿ5 ಇನ್ನೂ ಇ4ರ ಜೊತೆ ಜಗಳದಲ್ಲಿರುತ್ತೆ. ಬಿಳಿ ರಾಣಿ ಎಚ್3ಕ್ಕೆ ಬಂದು ಇ6 ಮೇಲೆ ಕಣ್ಣಿಟ್ಟರೆ ಕಪ್ಪು ರಾಣಿ ಎಫ್7. ಬಿಳಿಗೇ ಸ್ವಲ್ಪ ಮೇಲುಗೈ, ಆದರೆ ಕಪ್ಪಿನ ಕುದುರೆ ಬದುಕಿರುತ್ತೆ. ಇಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ತೋರಿಸುವ ಅಂಕಿಯಲ್ಲಿ ಈ ವ್ಯತ್ಯಾಸ ಚಿಕ್ಕದಾಗಿ ಕಾಣಬಹುದು. ಬೋರ್ಡಿನ ಮುಂದೆ ಕೂತ ಮನುಷ್ಯನಿಗೆ ಅದು ಆಟ ಆಡೋದಕ್ಕೂ ಸುಮ್ಮನೆ ಕಾಯೋದಕ್ಕೂ ಇರುವ ವ್ಯತ್ಯಾಸ.

21.ಎಫ್4 ರಾಣಿ ಇ7, 22.ಇ5. ಇಲ್ಲಿ ಮಗಳು "ಡಿ5 ಮನೆ ಕುದುರೆಗೆ ಬಿಟ್ಟುಕೊಟ್ಟ ಹಾಗಾಯ್ತಲ್ಲ" ಅಂತ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಡಿ7ರ ಕುದುರೆ ಬಿ6 ಮೂಲಕ ಡಿ5ಕ್ಕೆ ಎರಡೇ ನೆಗೆತ. ಸ್ಪಾಸ್ಕಿ ಮೊದಲು ಆನೆಯನ್ನ ಬಿ8ಕ್ಕೆ ತಂದ, ಅಷ್ಟರಲ್ಲಿ ಬಿಳಿ ಒಂಟೆ ಸಿ4ಕ್ಕೆ ಬಂತು. ಈಗ ಕುದುರೆ ಬಿ6ಕ್ಕೆ ಹೋದರೆ ಬಿಳಿ ರಾಣಿ ಬಿ3. ಕುದುರೆ ಒಂಟೆಯನ್ನ ಹೊಡೆದರೆ ಬಿ8ರ ಆನೆ ಚೆಕ್ ಜೊತೆ ಹೋಗುತ್ತೆ. ಬಾಗಿಲು ಮುಚ್ಚಿತು. ಸ್ಪಾಸ್ಕಿ ರಾಜನನ್ನ ಎಚ್8ಕ್ಕೆ ಸರಿಸಿದ.

ಮುಂದೆ ಆ ಕುದುರೆಯೊಂದನ್ನೇ ಹಿಂಬಾಲಿಸಿ. ಬಿಳಿ ರಾಣಿ ಎಚ್3ಕ್ಕೆ ಬಂದು ಇ6 ಮುಟ್ಟಿದಾಗ ಕುದುರೆ ಎಫ್8ಕ್ಕೆ ಇಳಿದು ಇ6ಕ್ಕೆ ಕಾವಲು ಕೂತಿತು. ಫಿಷರ್ ಅವಸರವಿಲ್ಲದೆ ಬಿ3 ಆಡಿ, ಆಮೇಲೆ ಎಫ್5 ಒಡೆದ. ಎಫ್5ರಲ್ಲಿ ಆನೆ ಬಂದ ಮೇಲೆ ಕುದುರೆ ಎಚ್7ಕ್ಕೆ ಹೋಯ್ತು, ಜಿ5 ಮೂಲಕ ಆಚೆ ಬರುವ ಆಸೆಯಿಂದ. 30.ಎಚ್4, ಆ ದಾರಿಯೂ ಬಂದ್. 31.ಇ6, 32.ರಾಣಿ ಇ5.

ಇಲ್ಲಿಂದ ಐದು ನಡೆ ಸ್ಪಾಸ್ಕಿ ಏನು ಆಡಿದ ಗೊತ್ತಾ? ರಾಣಿ ಇ8, ರಾಣಿ ಡಿ8, ರಾಣಿ ಇ8, ರಾಣಿ ಡಿ8, ರಾಣಿ ಇ8. ವಿಶ್ವ ಚಾಂಪಿಯನ್‌ಗೆ ಬೇರೆ ನಡೆಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಫಿಷರ್ ಎ4 ಆಡಿ ಆ ಕಡೆಯ ಪಾನುಗಳನ್ನ ಬಿಗಿ ಮಾಡಿದ, ಸಿ1ರಿಂದ ಎಫ್1ಕ್ಕೆ ಬಂದಿದ್ದ ಆನೆಯನ್ನ ಎಫ್2, ಅಲ್ಲಿಂದ ಎಫ್3ಕ್ಕೆ ತಂದ, ಕೊನೆಗೆ ಒಂಟೆಯನ್ನ ಸಿ4ರಿಂದ ಡಿ3ಕ್ಕೆ ತಿರುಗಿಸಿದ. ಒಂಟೆ ತಿರುಗಿದ್ದನ್ನ ಮಗಳಿಗೆ ನಿಲ್ಲಿಸಿ ತೋರಿಸಿ. ಇ6ಕ್ಕೆ ಸ್ವಂತ ಪಾನೇ ಬಂದು ನಿಂತ ಮೇಲೆ ಸಿ4ರಲ್ಲಿ ಒಂಟೆಗೆ ಕೆಲಸ ಮುಗಿದಿತ್ತು. ಡಿ3ರಿಂದ ಎಚ್7 ಕಾಣುತ್ತೆ. ಕೆಲಸ ಮುಗಿದ ಜಾಗದಿಂದ ಕಾಯಿಯನ್ನ ಎಬ್ಬಿಸಿ ಹೊಸ ಜಾಗಕ್ಕೆ ಕಳಿಸೋದನ್ನ ಇಷ್ಟು ಚೆನ್ನಾಗಿ ತೋರಿಸುವ ಆಟಗಳು ಕಡಿಮೆ.

37.ರಾಣಿ ಇ4. ಬೆದರಿಕೆ: ಆನೆ ಎಫ್8 ಚೆಕ್, ಕುದುರೆ ಹೊಡೆಯುತ್ತೆ, ಎರಡನೇ ಆನೆ ಹೊಡೆದು ಮತ್ತೆ ಚೆಕ್, ರಾಣಿ ಹೊಡೆಯುತ್ತೆ, ಬಿಳಿ ರಾಣಿ ಎಚ್7ರಲ್ಲಿ ಮೇಟ್. ತಡೆಯಲು ಕುದುರೆ ಕೊನೆಗೂ ಎಫ್6ಕ್ಕೆ ಹಾರಿತು, ಫಿಷರ್ ಆನೆ ಕೊಟ್ಟು ಅದನ್ನ ಹೊಡೆದ. ಬಿ8ರಿಂದ ಹೊರಟು ಡಿ7, ಎಫ್8, ಎಚ್7, ಎಫ್6. ಆ ಕುದುರೆ ಒಂದು ಸಲವೂ ಬೋರ್ಡಿನ ಅರ್ಧ ದಾಟಲಿಲ್ಲ. ಕಪ್ಪು ಜಿ ಪಾನಿನಿಂದ ಹೊಡೆದ, 39.ಆನೆ ಎಫ್6 ಹೊಡೆತ, ರಾಜ ಜಿ8, 40.ಒಂಟೆ ಸಿ4, ರಾಜ ಎಚ್8, 41.ರಾಣಿ ಎಫ್4, ಸ್ಪಾಸ್ಕಿ ಸೋಲೊಪ್ಪಿಕೊಂಡ. ಆನೆ ಎಫ್8 ಚೆಕ್ ಬಂದಾಗ ರಾಣಿ ಹೊಡೆದರೆ ಬಿಳಿ ರಾಣಿ ಹೊಡೆದು ಚೆಕ್, ರಾಜ ಎಚ್7, ಒಂಟೆ ಡಿ3ರಲ್ಲಿ ಮೇಟ್. ಒಂಟೆ ಸಿ4ಕ್ಕೂ ಡಿ3ಕ್ಕೂ ಓಡಾಡಿ ಕೊನೆಯ ಏಟನ್ನೂ ತಾನೇ ಕೊಡಲು ಸಿದ್ಧವಾಗಿ ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು, ಸೋತ ಸ್ಪಾಸ್ಕಿಯೂ ಅವರ ಜೊತೆ ಸೇರಿ ಚಪ್ಪಾಳೆ ತಟ್ಟಿದ. ಸ್ಪಾಸ್ಕಿ ಮೇಲೆ ನನಗಿರುವ ಗೌರವಕ್ಕೆ ಅದೊಂದೇ ಸಾಕು.

ನೀವು ಮಾಡಬೇಕಾದ್ದು: ಇಂಜಿನ್ ಮುಚ್ಚಿಡಿ. ಮೇಲೆ ಬರೆದ 20ನೇ ನಡೆಯ ಜಾಗವನ್ನ ಜೋಡಿಸಿ, ಇ4 ನೀವೇ ಆಡಿ ಮಗಳಿಗೆ ಕಪ್ಪು ಕೊಡಿ. ಒಂದು ಸಲ ಡಿ4 ಆಡಲಿ, ಇನ್ನೊಂದು ಸಲ ಸಿ4 ಆಡಲಿ, ತಲಾ ಅರ್ಧ ಗಂಟೆ. ಆಮೇಲೆ ಬದಲಾಯಿಸಿಕೊಂಡು ನೀವು ಕಪ್ಪು ಹಿಡಿಯಿರಿ. ನಾನು ಪಾಠ ಹೇಳುವ ಮಕ್ಕಳಿಗೆ ಇದನ್ನ ಮಾಡಿಸಿದಾಗ ಡಿ4 ಆಡಿದವರು ಹತ್ತು ನಡೆಯೊಳಗೆ "ಏನಾಡೋದು ಸರ್" ಅಂತ ತಲೆ ಎತ್ತಿ ನೋಡ್ತಾರೆ, ಸಿ4 ಆಡಿದವರು ಬಗ್ಗಿಕೊಂಡು ಯೋಚನೆ ಮಾಡ್ತಾನೇ ಇರ್ತಾರೆ.

ಆಡಿದ ನಡೆಗಳನ್ನ ಬರೆದಿಟ್ಟು ಇಲ್ಲಿ ಹಾಕಿ, ನಾನು ನೋಡ್ತೀನಿ. ಕಪ್ಪು ಕುದುರೆ ಯಾವ ಯಾವ ಮನೆಗೆ ಹೋಯ್ತು ಅನ್ನೋದನ್ನ ಮಗಳ ಕೈಯಲ್ಲೇ ಬೇರೆ ಸಾಲಿನಲ್ಲಿ ಬರೆಸಿ, ನಾನು ಮೊದಲು ಓದೋದು ಅದನ್ನೇ.