ಟೆಕ್ನೋ ಎಲ್ಲ ಒಂದೇ ಥರ ಕೇಳಿಸುತ್ತದೆ, ಹೊಸಬರು ಯಾವ ಟ್ರ್ಯಾಕಿನಿಂದ ಶುರು ಮಾಡಬೇಕು?

ನೀವು ಹೇಳಿದ್ದು ಇಷ್ಟು: ಹಾಡು, ಡ್ರಾಪ್ (ಏರಿಸಿ ಏರಿಸಿ ಒಮ್ಮೆಲೇ ಬೀಟ್ ಬೀಳುವ ಘಟ್ಟ) ಇರುವ ಡ್ಯಾನ್ಸ್ ಮ್ಯೂಸಿಕ್ ಇಷ್ಟ, ಆದರೆ ಟೆಕ್ನೋ, ಅಂದರೆ ಮಷೀನಿನ ಡ್ರಮ್ಮು ಒಂದೇ ಸಮ ಬಡಿಯುವ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್, ಹಾಕಿದರೆ ಅರ್ಧ ನಿಮಿಷಕ್ಕೇ ಬೇಸರ ಬಂದು ಮುಂದಿನದಕ್ಕೆ ಹೋಗುತ್ತೀರಿ. ತೊಂದರೆ ಇರುವುದು ಆ ಅರ್ಧ ನಿಮಿಷದಲ್ಲೇ. ಟೆಕ್ನೋದಲ್ಲಿ ನಾಲ್ಕು ಪೆಟ್ಟಿಗೆ ಒಂದು ಬಾರ್. ಹೊಸ ಸದ್ದು ಸೇರುವುದು, ಹಳೆಯದು ಕಳಚಿಕೊಳ್ಳುವುದು ಸಾಮಾನ್ಯವಾಗಿ 8, 16 ಅಥವಾ 32 ಬಾರ್‌ಗೊಮ್ಮೆ. ನಿಮಿಷಕ್ಕೆ 128 ಪೆಟ್ಟಿನ ವೇಗದಲ್ಲಿ 16 ಬಾರ್ ಅಂದರೆ 64 ಪೆಟ್ಟು, ಸರಿಯಾಗಿ 30 ಸೆಕೆಂಡು. ಬದಲಾವಣೆ ಶುರುವಾಗುವ ಹೊತ್ತಿಗೆ ನೀವು ಮುಂದೆ ಹೋಗಿಬಿಟ್ಟಿರುತ್ತೀರಿ. ಅಲ್ಲದೆ ಎಷ್ಟೋ ಟ್ರ್ಯಾಕುಗಳ ಮೊದಲ ಭಾಗವನ್ನು ಬೇಕೆಂದೇ ಬರೀ ಡ್ರಮ್ಮಿಗೆ ಬಿಟ್ಟಿರುತ್ತಾರೆ, ಡಿಜೆಗೆ ಹಿಂದಿನ ಟ್ರ್ಯಾಕಿನೊಳಗೆ ಅದನ್ನು ಬೆರೆಸಲು ಜಾಗ ಬೇಕಲ್ಲ. ಹಾಗಾಗಿ ಒಂದು ಟ್ರ್ಯಾಕಿಗೆ ಕಡಿಮೆ ಅಂದರೂ ಮೂರು ನಿಮಿಷ ಕೊಡಿ.

ಎರಡನೆಯದು, ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಕಿಕ್ ಡ್ರಮ್ಮಿನ, ಅಂದರೆ ಪ್ರತಿ ಪೆಟ್ಟಿಗೂ 'ಧಮ್' ಅನ್ನುವ ದಪ್ಪ ಡ್ರಮ್ಮಿನ, ತೂಕ ಇರುವುದು 50–60 ಹರ್ಟ್ಸ್ ಆಸುಪಾಸಿನಲ್ಲಿ. ಅಷ್ಟು ಸಣ್ಣ ಸ್ಪೀಕರಿಗೆ ಆ ಕೆಳಗಿನ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ, ಉಳಿಯುವುದು 'ಟಕ್ ಟಕ್' ಮಾತ್ರ. ಹಾಡಿನ ದನಿ ಮಧ್ಯದ ಸ್ಥಾಯಿಯಲ್ಲಿ ಇರುವುದರಿಂದ ಪಾಪ್ ಹಾಡು ಫೋನಿನಲ್ಲೂ ಬದುಕಿಕೊಳ್ಳುತ್ತದೆ, ಟೆಕ್ನೋ ಬದುಕುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಇಯರ್‌ಫೋನ್ ಆದರೆ ಅದರ ರಬ್ಬರ್ ಟಿಪ್ ಬಿಗಿಯಾಗಿ ಕೂತಿದೆಯಾ ನೋಡಿ. ಸಡಿಲವಾಗಿದ್ದರೆ ಬೇಸ್, ಅಂದರೆ ಆ ಕೆಳಗಿನ ಸದ್ದು, ಸೋರಿಹೋಗುತ್ತದೆ, ಅದನ್ನು ತುಂಬಿಸಲು ನೀವು ವಾಲ್ಯೂಮ್ ಏರಿಸುತ್ತೀರಿ, ಕಿವಿ ನೋಯುತ್ತದೆಯೇ ಹೊರತು ಬೇಸ್ ಬರುವುದಿಲ್ಲ.

ಇನ್ನು ಟ್ರ್ಯಾಕುಗಳು. ನಿಮ್ಮ ರುಚಿಗೆ ಹತ್ತಿರ ಇರುವುದರಿಂದ ಹೊರಟು, ಹಾಡು, ರಾಗ, ಸ್ವರ ಒಂದೊಂದಾಗಿ ಕಡಿಮೆಯಾಗುತ್ತಾ ಹೋಗುವ ಕ್ರಮದಲ್ಲಿ ಹೇಳುತ್ತೇನೆ. ದಯವಿಟ್ಟು ಇದೇ ಕ್ರಮದಲ್ಲಿ ಕೇಳಿ, ಕ್ರಮ ತಪ್ಪಿದರೆ ಇದರ ಉಪಯೋಗ ಅರ್ಧಕ್ಕರ್ಧ ಹೋಗುತ್ತದೆ.

ಮೊದಲು ಇನ್ನರ್ ಸಿಟಿ ತಂಡದ 'ಗುಡ್ ಲೈಫ್' (1988). ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಟೆಕ್ನೋ ಹುಟ್ಟುಹಾಕಿದ ಮೂವರಲ್ಲಿ ಒಬ್ಬರಾದ ಕೆವಿನ್ ಸಾಂಡರ್ಸನ್ ಮಾಡಿದ್ದು, ಹಾಡಿದ್ದು ಪ್ಯಾರಿಸ್ ಗ್ರೇ. ಪಲ್ಲವಿ ಇದೆ, ಸಂತೋಷ ಇದೆ, ನಿಮಗೆ ಏನೂ ಅಪರಿಚಿತ ಅನ್ನಿಸುವುದಿಲ್ಲ. ಎರಡನೆಯ ಸಲ ಕೇಳುವಾಗ ಹಾಡನ್ನು ಬಿಟ್ಟು ಕೆಳಗಿನ ಬೇಸನ್ನು ಮಾತ್ರ ಹಿಂಬಾಲಿಸಿ.

ಆಮೇಲೆ ಆ ಮೂವರಲ್ಲಿ ಇನ್ನೊಬ್ಬರಾದ ಡೆರಿಕ್ ಮೇ, ರಿದಿಮ್ ಈಸ್ ರಿದಿಮ್ ಹೆಸರಲ್ಲಿ ಹೊರತಂದ 'ಸ್ಟ್ರಿಂಗ್ಸ್ ಆಫ್ ಲೈಫ್' (1987). ಇಲ್ಲಿ ಹಾಡುವವರಿಲ್ಲ, ಬೇಸ್‌ಲೈನೂ ಇಲ್ಲ! ಪಿಯಾನೋ, ತುಂಡು ತುಂಡಾಗಿ ಎರಗುವ ತಂತಿವಾದ್ಯದ ಸದ್ದು, ಡ್ರಮ್ಮು, ಇಷ್ಟರಿಂದಲೇ ಮೈ ಕುಣಿಸುತ್ತದೆ. ಹುಡುಕುವಾಗ ಎಚ್ಚರ: ಇದರ ಮೇಲೆ ಹಾಡು ಕೂರಿಸಿದ ಹೌಸ್ (ಟೆಕ್ನೋಗೆ ಹತ್ತಿರದ ಇನ್ನೊಂದು ಡ್ಯಾನ್ಸ್ ಮ್ಯೂಸಿಕ್) ಆವೃತ್ತಿಯೂ ಇದೆ, ಅದು ಬೇರೆಯದೇ ವಸ್ತು. ಯಾವುದೇ ಟ್ರ್ಯಾಕಾದರೂ ಮೂಲ 12 ಇಂಚಿನ (ವಿನೈಲ್ ರೆಕಾರ್ಡಿನ, ಪೂರ್ತಿ ಉದ್ದದ) ಆವೃತ್ತಿ ಅಥವಾ 'ಒರಿಜಿನಲ್ ಮಿಕ್ಸ್' ಆರಿಸಿ. ಮೂರು ನಿಮಿಷದ ರೇಡಿಯೋ ಎಡಿಟ್‌ನಲ್ಲಿ ನಿಧಾನವಾಗಿ ಏರುವ ಭಾಗವನ್ನೇ ಕತ್ತರಿಸಿರುತ್ತಾರೆ.

ಮೂರನೆಯದು 'ನೈಟ್ಸ್ ಆಫ್ ದ ಜಾಗ್ವಾರ್' (1999). ಡಿಜೆ ರೋಲಾಂಡೋ ಅವರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಎಂಬ ಲೇಬಲ್ಲಿನಲ್ಲಿ (ರೆಕಾರ್ಡ್ ಕಂಪನಿಯಲ್ಲಿ) ದಿ ಆಜ್ಟೆಕ್ ಮಿಸ್ಟಿಕ್ ಎಂಬ ಹೆಸರಲ್ಲಿ ತಂದಿದ್ದು. ರಾಗ ಇನ್ನೂ ಇದೆ, ಆದರೆ ಅವಸರ ಇಲ್ಲ. ಒಂದೇ ಒಂದು ಟ್ರ್ಯಾಕ್ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ನಾಲ್ಕನೆಯದರಲ್ಲಿ ನಿಜವಾದ ಪರೀಕ್ಷೆ: ಜೆಫ್ ಮಿಲ್ಸ್ ಅವರ 'ದ ಬೆಲ್ಸ್' (1997). ವೇಗ 140ಕ್ಕೆ ಹತ್ತಿರ. ಗಂಟೆಯಂಥ ಸದ್ದಿನ ಒಂದು ಸಣ್ಣ ಸಾಲು ಬಂದರೆ ಮತ್ತೆ ಮತ್ತೆ ಅದೇ. ಇದನ್ನು ಕೇಳುವ ರೀತಿ ಹೀಗೆ: ಮೊದಲ ಸಲ ಗಂಟೆಯ ಸಾಲನ್ನಷ್ಟೇ ಹಿಡಿದುಕೊಳ್ಳಿ. ಅದು ಬದಲಾಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಟ್ರ್ಯಾಕನ್ನು ಮತ್ತೆ ಹಾಕಿ ಹೈ-ಹ್ಯಾಟ್ ಮೇಲೆ ಮಾತ್ರ ಗಮನ ಇಡಿ, ಕಿಕ್ ಎರಡರ ನಡುವಿನ ಖಾಲಿಯಲ್ಲಿ ಬೀಳುವ 'ತ್ಸ್' ಅನ್ನುವ ಸದ್ದು ಅದು. ಯಾವಾಗ ಸೇರುತ್ತದೆ, ಯಾವಾಗ ಹೋಗುತ್ತದೆ ಎಂದು ಬಾರ್ ಎಣಿಸಿ. ಗಂಟೆಯ ಸಾಲು ಅದೇ ಇದ್ದರೂ ಸುತ್ತಲಿನ ಸದ್ದು ಬದಲಾದ ಕ್ಷಣ ಅದರ ಬಣ್ಣವೇ ಬೇರೆಯಾಗಿ ಕೇಳುತ್ತದೆ. ಡ್ರಾಪ್‌ಗೆ ಕಾಯುತ್ತಿದ್ದ ಕಿವಿಗೆ ಇದು ತಪ್ಪಿಹೋಗುತ್ತದೆ, ಯಾಕೆಂದರೆ ಬದಲಾವಣೆ ಆಗುವುದು ಒಂದೇ ಏಟಿಗಲ್ಲ, ಪದರ ಪದರವಾಗಿ.

ಅದು ಹಿಡಿಸಿದರೆ ರಿಚಿ ಹಾಟಿನ್ ಪ್ಲಾಸ್ಟಿಕ್‌ಮ್ಯಾನ್ ಹೆಸರಲ್ಲಿ ಮಾಡಿದ 'ಸ್ಪಾಸ್ಟಿಕ್' (1993) ಹಾಕಿ. ರಾಗ ಇಲ್ಲವೇ ಇಲ್ಲ, ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನಿನ ಉರುಳಿಕೆಯೇ ಸುಮಾರು ಒಂಬತ್ತು ನಿಮಿಷ. ಅದರ ಎದುರು ದಿಕ್ಕಿಗೆ ಬರ್ಲಿನ್ನಿನ ಬೇಸಿಕ್ ಚಾನೆಲ್ ಜೋಡಿಯ 'ಕ್ವಾಡ್ರಂಟ್ ಡಬ್' (1994) ಇದೆ: ಮಂಕಾದ ಕಿಕ್, ಮೇಲೆ ಒಂದು ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳ ಗುಂಪು) ಪ್ರತಿಧ್ವನಿಯಲ್ಲಿ ಕರಗುತ್ತಾ ಹೋಗುತ್ತದೆ. ಕೆಲಸ ಮಾಡುತ್ತಾ, ಓದುತ್ತಾ ಸಣ್ಣ ದನಿಯಲ್ಲಿ ಹಾಕಿಕೊಳ್ಳಬಹುದಾದದ್ದು ಈ ಪಟ್ಟಿಯಲ್ಲಿ ಇದೊಂದೇ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳುವಾಗ ಶಫಲ್ ಮತ್ತು ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ವೇಗ ಹೊಂದಿಸದೆ ಎರಡು ಟ್ರ್ಯಾಕನ್ನು ಒಂದರ ಮೇಲೊಂದು ಹಾಕಿದರೆ ಕಿಕ್‌ಗಳು ಡಿಕ್ಕಿ ಹೊಡೆದು ಗಲಿಬಿಲಿ ಆಗುತ್ತದೆ.

ಒಂದು ವಾರ ಇವನ್ನು ಕೇಳಿದ ಮೇಲೆ ಮಿಕ್ಸ್ (ಡಿಜೆ ಹಲವು ಟ್ರ್ಯಾಕುಗಳನ್ನು ನಿಲ್ಲಿಸದೆ ಬೆರೆಸಿ ನುಡಿಸುವುದು) ಕಡೆ ಬನ್ನಿ, ಏಕೆಂದರೆ ಈ ಟ್ರ್ಯಾಕುಗಳನ್ನು ಮಾಡಿರುವುದೇ ಒಂದರೊಳಗೆ ಒಂದು ಬೆರೆಸಲು. ಜೆಫ್ ಮಿಲ್ಸ್ 1995ರಲ್ಲಿ ಟೋಕಿಯೋದ ಲಿಕ್ವಿಡ್ ರೂಮ್ ಕ್ಲಬ್ಬಿನಲ್ಲಿ ನುಡಿಸಿದ ಸೆಟ್ 1996ರಲ್ಲಿ ಆಲ್ಬಮ್ ಆಗಿ ಬಂದಿದೆ. ಒರಟಾಗಿದೆ, ವೇಗವಾಗಿದೆ, ಒಂದು ಟ್ರ್ಯಾಕ್ ಮುಗಿಯುವ ಮುಂಚೆ ಇನ್ನೊಂದು ಒಳಗೆ ಬಂದಿರುತ್ತದೆ. ಮೊದಲ ಇಪ್ಪತ್ತು ನಿಮಿಷ ಸಾಕು. ಅಷ್ಟು ವೇಗ ಬೇಡ ಅನ್ನಿಸಿದರೆ ಬೇಸಿಕ್ ಚಾನೆಲ್ ದಾರಿ ಹಿಡಿದು, ಅದೇ ಜೋಡಿ ಮಾರಿಜಿಯೋ ಹೆಸರಲ್ಲಿ ತಂದ ಟ್ರ್ಯಾಕುಗಳಿಗೆ ಹೋಗಿ. 'ಸ್ಟ್ರಿಂಗ್ಸ್ ಆಫ್ ಲೈಫ್' ಹೆಚ್ಚು ಹಿಡಿಸಿತು ಅಂದರೆ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದವರೇ ಆದ ಗ್ಯಾಲಕ್ಸಿ 2 ಗ್ಯಾಲಕ್ಸಿಯ 'ಹೈ-ಟೆಕ್ ಜಾಝ್' (1993) ಹಾಕಿ. ಅಲ್ಲಿ ಸ್ಯಾಕ್ಸೊಫೋನ್ ಇದೆ.