ಹೀಟ್ ಪಂಪಿಗೆ ಮತ್ತೆ ಮತ್ತೆ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ನಮ್ಮ ಮನೆಯ ಹೀಟ್ ಪಂಪಿಗೆ (ಚಳಿಗಾಲದಲ್ಲಿ ಮನೆಯನ್ನು ಬಿಸಿಯಾಗಿ, ಬೇಸಿಗೆಯಲ್ಲಿ ತಂಪಾಗಿ ಇಡುವ ಯಂತ್ರ) ಕಳೆದ ವರ್ಷವಷ್ಟೇ ಆರ್-410ಎ ಎಂಬ ಶೀತಕ ಗ್ಯಾಸ್ ತುಂಬಿಸಿದ್ದೆವು. ಈ ಚಳಿಗಾಲದಲ್ಲಿ ಬಿಸಿ ಸಾಲುತ್ತಿಲ್ಲ. ಒತ್ತಡ ಮಾತ್ರ ನೋಡಿದ ತಂತ್ರಜ್ಞರು ಮತ್ತೆ ತುಂಬಿಸಬೇಕೆನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಶೀತಕವು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಗಳಲ್ಲೇ ಸುತ್ತುವ ಅದು ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ, ಅಥವಾ ಹಿಂದಿನ ಸಲ ಅಳತೆ ತಪ್ಪಿದೆ. ಏರ್ ಫಿಲ್ಟರ್ ಕೊಳೆಯಾಗಿದ್ದರೂ ಬಿಸಿ ಸಾಲದು, ಅದನ್ನು ಮೊದಲು ನೋಡಿ.

ಹೊರಗಿನ ಹವೆಯೊಂದಿಗೆ ಏರಿಳಿಯುವ ಒತ್ತಡವೊಂದನ್ನೇ ನಂಬಿ ಗ್ಯಾಸ್ ಸೇರಿಸುವುದು ನನ್ನ ದೃಷ್ಟಿಯಲ್ಲಿ ಕೆಲಸಗಳ್ಳತನ. ಎಕ್ಸ್‌ಪಾನ್ಷನ್ ವಾಲ್ವ್ (ಶೀತಕದ ಹರಿವನ್ನು ನಿಯಂತ್ರಿಸುವ ಕವಾಟ) ಇರುವ ಯಂತ್ರವನ್ನು ಬೇಸಿಗೆಯಲ್ಲಿ ಕೂಲಿಂಗ್ ಸ್ಥಿತಿಯಲ್ಲಿ ಓಡಿಸಿ ಸಬ್‌ಕೂಲಿಂಗ್, ಅಂದರೆ ಶೀತಕವು ತಾನು ದ್ರವವಾಗುವ ಉಷ್ಣತೆಗಿಂತ ಎಷ್ಟು ಡಿಗ್ರಿ ತಣ್ಣಗಿದೆ ಎಂಬುದನ್ನು ಅಳೆಯಬೇಕು: ದ್ರವದ ಕೊಳವೆಯಲ್ಲಿ ಒತ್ತಡ 340 ಪಿಎಸ್‌ಐ ಇದ್ದರೆ ಆರ್-410ಎ ದ್ರವವಾಗುವ ಉಷ್ಣತೆ ಸುಮಾರು 105 ಡಿಗ್ರಿ ಫ್ಯಾರನ್‌ಹೀಟ್; ಅದೇ ಕೊಳವೆಗೆ ಕಚ್ಚಿಸಿದ ಥರ್ಮಾಮೀಟರ್ 95 ತೋರಿಸಿದರೆ ಸಬ್‌ಕೂಲಿಂಗ್ 10 ಡಿಗ್ರಿ. ಹೊರಘಟಕದ ಫಲಕದಲ್ಲಿ ನಮೂದಿಸಿದ ಅಂಕಿಗಿಂತ ಇದು ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು, ಹೆಚ್ಚಿದ್ದರೆ ಹೊರತೆಗೆಯಬೇಕು.

ಚಳಿಗಾಲದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆಗ ಇರುವ ಶೀತಕವನ್ನೆಲ್ಲ ಹೊರತೆಗೆದು, ಸೋರಿಕೆಯನ್ನು ಮುಚ್ಚಿ, ವ್ಯವಸ್ಥೆಯನ್ನು ನಿರ್ವಾತಗೊಳಿಸಿ, ಫಲಕದಲ್ಲಿರುವ ತೂಕಕ್ಕೆ ಕೊಳವೆಯ ಹೆಚ್ಚುವರಿ ಉದ್ದಕ್ಕೆ ಬೇಕಾದಷ್ಟನ್ನು ಕೂಡಿಸಿ, ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಆರ್-410ಎ ಎರಡು ಶೀತಕಗಳ ಮಿಶ್ರಣವಾದ್ದರಿಂದ ಸಿಲಿಂಡರಿನಿಂದ ಅದನ್ನು ದ್ರವರೂಪದಲ್ಲೇ ತೆಗೆಯಬೇಕು. ತಂತ್ರಜ್ಞರ ಬಳಿ ಶೀತಕದ ಕೆಲಸಕ್ಕೆ ಬೇಕಾದ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 608 ಪ್ರಮಾಣಪತ್ರವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅಲ್ಲಿ ಈ ಕೆಲಸಕ್ಕೆ ಅದು ಕಡ್ಡಾಯ.