ಅವ್ವನ ಮಾತ್ರೆ ಯಾರ ಕೈಯಲ್ಲಿ?

ಪ್ರಶ್ನೆ: ಅವ್ವಗೆ ಕ್ಯಾನ್ಸರ್, ಕೊನೆಯ ಹಂತ. ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ. ಕಲಬುರಗಿಯ ಏಜೆನ್ಸಿಯೊಂದು ಕಳಿಸಿದ ಅಕ್ಕ ಹಗಲೂ ರಾತ್ರಿ ಇರುತ್ತಾರೆ. ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ಸರ್ಟಿಫಿಕೇಟ್ ಇದೆ. ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ, ಇಂಜೆಕ್ಷನ್ ಎರಡನ್ನೂ ಅವರೇ ಕೊಡಬಹುದೇ?
– ಓದುಗರು, ಆಳಂದ

ಉತ್ತರ: ಮಾತ್ರೆ ಕೊಡಲಿ, ಇಂಜೆಕ್ಷನ್ ಬೇಡ. ಮನೆ ಆರೈಕೆಯವರಿಗೆಂದೇ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಏನಾದರೂ ಎಡವಟ್ಟಾದರೆ ಅದರ ಹೊರೆ ಬೀಳುವುದು ಆ ಅಕ್ಕನ ತಲೆಯ ಮೇಲೆ. ಜಿಡಿಎ ಎಂದರೆ ಸ್ನಾನ, ಊಟ, ಮಗ್ಗುಲು ಬದಲಿಸುವುದು, ಇಂಥ ಆರೈಕೆಯ ತರಬೇತಿ, ನರ್ಸಿಂಗ್ ಅಲ್ಲ. ಇಂಜೆಕ್ಷನ್, ಡ್ರಿಪ್, ಕ್ಯಾಥೆಟರ್ ಹಾಕಲು ನೋಂದಾಯಿತ ನರ್ಸೇ ಬರಬೇಕು. ಏಜೆನ್ಸಿಯವರು ‘ನರ್ಸ್ ಕಳಿಸುತ್ತೇವೆ’ ಎಂದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ.

2014ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ ಕಾಯ್ದೆ) ತಿದ್ದುಪಡಿಯಿಂದಾಗಿ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್ ಕೊಡಬಹುದು. ವೈದ್ಯರ ಚೀಟಿ ಮಾತ್ರೆಯ ಜೊತೆಗೇ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ಗಂಟೆ, ಕೊಟ್ಟ ಮಾತ್ರೆ, ಉಳಿದ ಎಣಿಕೆ ಬರೆದು, ಕೊಟ್ಟವರು ಸಹಿ ಹಾಕಲಿ. ಎಣಿಕೆ ತಪ್ಪಿದರೆ ಮೊದಲ ಅನುಮಾನ ಹೊರಗಿನಿಂದ ಬಂದವರ ಮೇಲೆಯೇ. ಅವರ ಪರವಾಗಿ ಮಾತಾಡುವುದು ಆ ಪುಟ.

ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ‘ನೋವು ಬಂದಾಗ ಕೊಟ್ಟರಾಯಿತು’ ಎಂದು ಕಾದರೆ ನೋವು ಏರಿಬಿಟ್ಟಿರುತ್ತದೆ, ಅದೇ ಮಾತ್ರೆ ಸಾಲುವುದಿಲ್ಲ. ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ನಿಧಾನವಾಗಿ ಕರಗುವ ‘ಎಸ್‌ಆರ್’ ಮಾತ್ರೆಯಾದರೆ ಪುಡಿ ಮಾಡಲೇಬೇಡಿ: ಹೊತ್ತೆಲ್ಲ ಬಿಡಬೇಕಾದ ಔಷಧಿ ಒಮ್ಮೆಗೇ ಮೈಗೇರುತ್ತದೆ. ಮಲ ಕಟ್ಟುವುದು ಸಾಮಾನ್ಯ; ಅದಕ್ಕೆ ಔಷಧಿಯನ್ನು ಮೊದಲ ದಿನವೇ ಬರೆಸಿಕೊಳ್ಳಿ. ಎಬ್ಬಿಸಿದರೂ ಎಚ್ಚರವಾಗದೆ ಉಸಿರು ನಿಧಾನವಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಇನ್ನೊಂದು ಮಾತು. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿದ ಬೆನ್ನು ಬೆವರಿನಲ್ಲೇ ನೆನೆಯುತ್ತದೆ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕೆಂಪಾದ ಜಾಗವನ್ನು ತಿಕ್ಕಬೇಡಿ.

ಪ್ರಶ್ನೆ: ನಾನು ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಮನೆಯ ಗಂಡಸು ಕೆಟ್ಟದಾಗಿ ನಡೆದುಕೊಂಡರೆ ದೂರು ಎಲ್ಲಿ ಕೊಡಲಿ? ಅದು ಆಫೀಸಲ್ಲವಲ್ಲ?
– ಓದುಗರು, ಶಹಾಪುರ

ಉತ್ತರ: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಇಂಥ ದೂರು ವಿಚಾರಿಸಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿಗೆ ದೂರು ಕೊಟ್ಟರೆ ಅವರು 7 ದಿನದೊಳಗೆ ಅಲ್ಲಿಗೆ ಕಳಿಸಬೇಕು. ಘಟನೆಯಾದ 3 ತಿಂಗಳೊಳಗೆ ಕೊಡಿ. ಬರೆಯಲು ಬಾರದಿದ್ದರೆ ಬರೆಸಿಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ನಿಮ್ಮ ಏಜೆನ್ಸಿಯಲ್ಲಿ 10 ಅಥವಾ ಹೆಚ್ಚು ಜನರಿದ್ದರೆ ಅಲ್ಲಿಯೂ ಆಂತರಿಕ ಸಮಿತಿ ಇರಲೇಬೇಕು. ಪೊಲೀಸ್ ಠಾಣೆಗೂ ನೇರವಾಗಿ ಹೋಗಬಹುದು. ನಡೆದದ್ದನ್ನು ದಿನಾಂಕ, ಹೊತ್ತು ಸಮೇತ ಅಂದೇ ಬರೆದಿಡಿ.